ರೆಕ್ಕೆಯ ಹೊಸ್ತಿಲು

ನಮ್ಮ ಮನೆಗೆ ಬಂದವರೆಲ್ಲ ತಲೆ ಬಗ್ಗಿಸಿಯೇ ಒಳಗೆ ಬರುತ್ತಾರೆ. ಇದು ನನ್ನ ಮೇಲಿನ ಗೌರವ ಎಂದು ನೀವು ತಿಳಿದುಕೊಂಡರೆ ನನ್ನದೇನೂ ಅಭ್ಯಂತರವಿಲ್ಲ. ಆದರೆ ಎಷ್ಟು ದಿನ ಅಂತ ಮುಚ್ಚಿಡಲಿ, ಹೇಳಿಯೇಬಿಡುತ್ತೇನೆ. ನಡುಮನೆಯಲ್ಲಿ, ಹಿಂದೆ ಮಗಳ ತೊಟ್ಟಿಲು ಕಟ್ಟುತ್ತಿದ್ದ ಕೊಂಡಿಗೆ, ಎರಡು ತೋಳು ಚಾಚಿದಷ್ಟು ಉದ್ದದ ಹಳದಿ ರೆಕ್ಕೆಯೊಂದು ತೂಗುಬಿದ್ದಿದೆ. ಬಗ್ಗದಿದ್ದರೆ ಹಣೆಗೆ ಬಡಿಯುತ್ತದೆ. ಬಡಿಸಿಕೊಂಡವರು ಹಣೆ ಉಜ್ಜಿಕೊಳ್ಳುತ್ತ ನನ್ನ ಮುಖ ನೋಡುತ್ತಾರೆ. ನಾನು ಓಡಿಹೋಗಿ ರೆಕ್ಕೆಗೆ ಏನಾಯಿತೆಂದು ನೋಡುತ್ತೇನೆ. ಇಷ್ಟಾದರೂ ಯಾರೂ ಬರಿಗೈಯಲ್ಲಿ, ಅಲ್ಲ, ಬರಿ ಹಣೆಯಲ್ಲಿ ಹಿಂದಿರುಗುವುದಿಲ್ಲ. ಒಂದು ಚೂರು ಅರಿಸಿನ, ಒಂದು ಚೂರು ಕುಂಕುಮ ಅಂಟಿಯೇ ಇರುತ್ತದೆ. ವಿಮಾನದ ರೆಕ್ಕೆಗೆ ಅರಿಸಿನ ಕುಂಕುಮ ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಮೊದಲು ನನ್ನ ಹೊಟ್ಟೆಪಾಡು. ಚಾಮರಾಜನಗರದ ಒಂದು ಆಫೀಸಿನಲ್ಲಿ ಜಮೀನಿನ ನಕ್ಷೆ ಬರೆಯುವುದು ನನ್ನ ಕೆಲಸ. ಎಂದರೆ, ಇರುವುದನ್ನೆಲ್ಲ ಚಿಕ್ಕದು ಮಾಡುವುದು. ಅಣ್ಣ ತಮ್ಮ ಮಚ್ಚು ಹಿಡಿದು ಹೊಡೆದಾಡಿದ ಬದು ನನ್ನ ಹಾಳೆಯ ಮೇಲೆ ಕೂದಲೆಳೆಯಷ್ಟು ಗೆರೆ. ಊರಿಗೆಲ್ಲ ನೆರಳು ಕೊಡುವ ಆಲದ ಮರ ಒಂದು ಚುಕ್ಕೆ. ಅರ್ಧ ಆಯುಷ್ಯ ಇದನ್ನೇ ಮಾಡಿದವನಿಗೆ ಕಣ್ಣಿಗೆ ಬಿದ್ದುದನ್ನೆಲ್ಲ ಸ್ಕೇಲಿಗೆ ಇಳಿಸುವ ಚಟ ಅಂಟದೆ ಇರುತ್ತದೆಯೇ? ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಹಪ್ಪಳಕ್ಕೂ ಲಡ್ಡುವಿಗೂ ನಡುವಿನ ಅಂತರವನ್ನು ಕಣ್ಣಲ್ಲೇ ಅಳೆಯುತ್ತೇನೆ. ಈ ಚಟ ಬೆಳೆಯುತ್ತ ಬೆಳೆಯುತ್ತ ನನ್ನನ್ನು ಗ್ಲೈಡರಿನ ಹತ್ತಿರ ತಂದು ನಿಲ್ಲಿಸಿತು.

ಗ್ಲೈಡರ್ ಎಂದರೆ ಇಂಜಿನ್ ಇಲ್ಲದ ವಿಮಾನ. ಉದ್ದನೆಯ ಹಗ್ಗ ಕಟ್ಟಿ ಗಾಳಿಪಟದಂತೆ ಎಳೆದರೆ ಮೇಲೇಳುತ್ತದೆ. ಅಲ್ಲಿ ಹಗ್ಗ ಕಳಚಿಕೊಂಡು ಬರೀ ರೆಕ್ಕೆಯ ಬಲದಿಂದ ಜಾರುತ್ತದೆ. ನೆಲದಿಂದ ಬಿಸಿಗಾಳಿ ಏಳುವ ಜಾಗ ಸಿಕ್ಕಿತೋ, ಹದ್ದಿನ ಹಾಗೆ ಸುತ್ತು ಹಾಕುತ್ತ ಇನ್ನೂ ಮೇಲಕ್ಕೆ ಹೋಗುತ್ತದೆ. ದೊಡ್ಡದರಲ್ಲಿ ಮನುಷ್ಯರು ಕೂರುತ್ತಾರೆ. ನಾನು ಮಾಡುವುದು ಅದರ ಮರಿ. ಕೈಯಲ್ಲಿರುವ ರಿಮೋಟು ಬಾಲವನ್ನು ಆ ಕಡೆ ಈ ಕಡೆ ತಿರುಗಿಸುತ್ತದೆ, ಅಷ್ಟೇ. ಎತ್ತಿ ಹಿಡಿಯುವ ಕೆಲಸ ಗಾಳಿಯದು. ಸ್ಕೇಲ್ ಮಾಡೆಲ್ ಎಂದ ಮೇಲೆ ದೊಡ್ಡದರಲ್ಲಿ ಕಿಟಕಿ ಎಲ್ಲಿದೆಯೋ ಚಿಕ್ಕದರಲ್ಲೂ ಅಲ್ಲೇ ಇರಬೇಕು, ಮೂಗು ಎಷ್ಟು ಚೂಪೋ ಅಷ್ಟೇ ಚೂಪಿರಬೇಕು. ನಕ್ಷೆಗಾರನಿಗೆ ಇದಕ್ಕಿಂತ ಒಳ್ಳೆಯ ಹುಚ್ಚು ಸಿಗಲಾರದು.

ಇದಕ್ಕೆ ಬೇಕಾದ ಹಗುರ ಮರ ಹಡಗು ಹತ್ತಿ ಬರಬೇಕಂತೆ. ನಮ್ಮ ಹೊಲದ ಬೇಲಿಗಳಲ್ಲಿ ಕತ್ತಾಳೆ ಇರುವಾಗ ಆ ಗೊಡವೆ ನನಗೇಕೆ? ಕತ್ತಾಳೆ ಹೂಬಿಟ್ಟು ಒಣಗಿದ ಮೇಲೆ ಅದರ ನಡುವೆ ಎದ್ದು ನಿಂತ ದಿಂಡನ್ನು ಕಡಿದು ಸೀಳಿದರೆ ಒಳಗೆ ಬೆಂಡಿನಷ್ಟು ಹಗುರ. ಅದರಲ್ಲಿ ಎಲುಬುಗಳನ್ನು ಕೊರೆದು ರೆಕ್ಕೆಯ ಗೂಡು ಕಟ್ಟುತ್ತೇನೆ. ಗೂಡಿಗೆ ಹೊದಿಸಲು ರೇಷ್ಮೆ ಬೇಕು. ಅದು ಸಿಕ್ಕಿದ್ದು ನನ್ನ ಹೆಂಡತಿ ಮಂಗಳಳ ಬೀರುವಿನಲ್ಲಿ, ರವಿಕೆ ಕಣದ ರೂಪದಲ್ಲಿ. ಅರಿಸಿನ ಕುಂಕುಮದ ಜೊತೆ ಕೊಡುವ ರವಿಕೆ ಕಣವನ್ನು ಯಾವ ಹೆಂಗಸೂ ಹೊಲಿಸಿಕೊಳ್ಳುವುದಿಲ್ಲ ಎಂಬುದು ನಿಮಗೂ ಗೊತ್ತಿರಬೇಕು. ನಮ್ಮ ಮನೆಯ ಗೌರಿ ಹಬ್ಬಕ್ಕೆ ಹೊರಟದ್ದು ಯಾರದೋ ಗೃಹಪ್ರವೇಶ, ಇನ್ಯಾರದೋ ಸೀಮಂತ ಎಲ್ಲ ಮುಗಿಸಿಕೊಂಡು, ಮಡಿಕೆ ಮುರಿಯದೆ ಮತ್ತೆ ನಮ್ಮ ಮನೆಗೇ ಬರುತ್ತದೆ. ಅಂಥ ಹಳದಿ ಕಣಗಳು ನಾಲ್ಕಾರು ಇದ್ದವು. "ತಗಳಿ, ಊರೆಲ್ಲ ಸುತ್ತಿ ಸುತ್ತಿ ಅವ್ಕೂ ಸಾಕಾಗ್ಬುಟ್ಟದೆ," ಎಂದು ಮಂಗಳ ಎತ್ತಿಕೊಟ್ಟಳು. ಅವು ಇನ್ನೂ ಸುತ್ತಬೇಕಾಗಿದೆ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಹಳದಿಯೇ ಯಾಕೆ ಎಂದಿರಾ? ಮಾವ ಹಾರಿದ್ದು ಹಳದಿ ರೆಕ್ಕೆಯ ಗ್ಲೈಡರಿನಲ್ಲಿ. ಮಾವ ಎಂದರೆ ಮಂಗಳಳ ತಂದೆ, ಚಂದಕವಾಡಿಯ ರಾಚಪ್ಪನವರು. ಎಪ್ಪತ್ತು ದಾಟಿದ್ದಾರೆ, ಅರಿಸಿನ ಬೆಳೆಯುತ್ತಾರೆ, ನಗುವುದಕ್ಕೆ ಸಣ್ಣ ಕಾರಣ ಸಿಕ್ಕರೂ ಬಿಡುವವರಲ್ಲ. ಹುಡುಗರಾಗಿದ್ದಾಗ ಮೈಸೂರಿನಲ್ಲಿ ಓದುತ್ತ ಕಾಲೇಜಿನ ಕೆಡೆಟ್ ಆಗಿದ್ದರಂತೆ. ಭಾನುವಾರ ಮೈದಾನದಲ್ಲಿ ದೊಡ್ಡ ಗ್ಲೈಡರ್ ಹಾರಿಸುವಾಗ ಅದರ ರೆಕ್ಕೆಯ ತುದಿ ನೆಲಕ್ಕೆ ತಾಗದಂತೆ ಹಿಡಿದುಕೊಂಡು ಹತ್ತಾರು ಹೆಜ್ಜೆ ಜೊತೆಯಲ್ಲೇ ಓಡಿ ಕೈಬಿಡುವುದು ಅವರ ಪಾಲಿನ ಕೆಲಸ. ಎಷ್ಟೋ ಭಾನುವಾರ ಹೀಗೆ ತುದಿ ಹಿಡಿದ ಮೇಲೆ ಒಂದು ದಿನ ಹಾರಾಟ ಕಲಿಸುವ ಮೇಷ್ಟರು ಅವರನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾರಿಸಿದರು. ಒಂದೇ ಸಲ. ಆ ಸುದ್ದಿಯನ್ನು ಊರಿಗೆ ತಂದು ಟೀ ಅಂಗಡಿಯಲ್ಲಿ ಹೇಳಿದ್ದೇ ಅವರು ಮಾಡಿದ ತಪ್ಪು.

"ಇಂಜಿನ್ ಎಷ್ಟು ದೊಡ್ದಿತ್ಲಾ ರಾಚ?" ಎಂದು ಕೇಳಿದವರು ಅವರ ಓರಗೆಯ ಗುರುಸಿದ್ದಪ್ಪ.

"ಇಂಜಿನ್ನೇ ಇರ್ನಿಲ್ಲ ಕಣ್ಲಾ."

"ಇಂಜಿನ್ ಇಲ್ದೆ ಟ್ರ್ಯಾಕ್ಟ್ರೇ ಓಡಕಿಲ್ಲ, ಏರೋಪ್ಲೇನ್ ಆರ್ತದಾ? ಬುಡ್ಲಾ ಸಾಕು, ಟೀ ಕುಡಿ."

ಒಂದು ಸಣ್ಣ ಇಂಜಿನ್ ಸೇರಿಸಿ ಹೇಳಿದ್ದರೆ ಚಂದಕವಾಡಿ ಅವತ್ತೇ ನಂಬಿಬಿಡುತ್ತಿತ್ತು. ಮಾವ ಸೇರಿಸಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅದೇ ಬೆಂಚು, ಅದೇ ಗುರುಸಿದ್ದಪ್ಪ, ಅದೇ ತಕರಾರು. ನಾನು ಹೆಣ್ಣು ನೋಡಲು ಹೋದ ದಿನ ಬಸ್ಸಿಳಿದು ರಾಚಪ್ಪನವರ ಮನೆ ಯಾವುದೆಂದು ಕೇಳಿದರೆ, "ಯಾವ ರಾಚಪ್ಪ? ಇಂಜಿನ್ ಇಲ್ದೋರಾ?" ಎಂದು ದಾರಿ ತೋರಿಸಿದ್ದರು. ಏನೋ ಕಾಯಿಲೆಯ ಮನೆತನ ಇರಬೇಕೆಂದು ನಮ್ಮಮ್ಮ ಗಾಬರಿಯಾಗಿದ್ದರು.

ಹೋದ ವರ್ಷ ಮಾವ ನಮ್ಮ ಮನೆಗೆ ಬಂದಾಗ ನಾನು ಕಟ್ಟುತ್ತಿದ್ದ ಯಾವುದೋ ಗ್ಲೈಡರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಂದೂ ಏನನ್ನೂ ಕೇಳದ ಮನುಷ್ಯ ಕೇಳಿದರು. "ನಂದ ಒಂದ ಮಾಡ್ಕೊಡು ಅಳಿಮಯ್ಯ. ಇದ್ದಂಗೇ ಇರ್ಬೇಕು, ಆರ್ಲೂಬೇಕು. ನಮ್ಮೂರ ಗೋಮಾಳದಲ್ಲಿ ಆ ಗುರುಸಿದ್ದ ನಿಂತ್ಕಂಡು ನೋಡ್ಬೇಕು. ಅವ್ನಿಗೂ ವಯಸ್ಸಾಯ್ತು, ನಂಗೂ ವಯಸ್ಸಾಯ್ತು." ಇದ್ದ ಹಾಗೇ ಇರಬೇಕು, ಹಾರಲೂಬೇಕು. ಕೇಳುವುದಕ್ಕೆ ಎಷ್ಟು ಸುಲಭ! ನಾನು ಹೂಂ ಎಂದುಬಿಟ್ಟೆ. ಈ ಎರಡು ಷರತ್ತುಗಳು ಅತ್ತೆ ಸೊಸೆಯರ ಹಾಗೆ ಒಂದು ಸೂರಿನಡಿ ಇರಲಾರವೆಂದು ಗೊತ್ತಾದದ್ದು ರೆಕ್ಕೆಗೆ ಕೈಹಾಕಿದ ಮೇಲೆ.

ಈಗ ಸ್ವಲ್ಪ ಪಾಂಡಿತ್ಯ ಸಹಿಸಿಕೊಳ್ಳಬೇಕು, ಬೇಗ ಮುಗಿಸುತ್ತೇನೆ. ರೆಕ್ಕೆಯನ್ನು ಬದನೆಕಾಯಿಯ ಹಾಗೆ ಅಡ್ಡಡ್ಡ ಕತ್ತರಿಸಿದರೆ ಕಾಣುವ ಆಕಾರಕ್ಕೆ ಏರ್‌ಫಾಯಿಲ್ ಎನ್ನುತ್ತಾರೆ. ಮುಂದೆ ದುಂಡಗೆ, ಬೆನ್ನು ಉಬ್ಬಿ, ಹಿಂದೆ ಚೂಪಾಗಿ ಮುಗಿಯುವುದು ಎಲ್ಲದರ ಜಾತಿಗುಣ. ಆದರೆ ಒಂದು ಹಲಸಿನ ಬೀಜದಂತೆ ದಪ್ಪ, ಒಂದು ಮಾವಿನ ವಾಟೆಯಂತೆ ತೆಳು, ಒಂದರ ಹೊಟ್ಟೆ ಸಪಾಟು, ಒಂದರ ಹೊಟ್ಟೆ ಒಳಕ್ಕೆ ಹೋಗಿರುತ್ತದೆ. ಇವಕ್ಕೆ ಹೆಸರಿಲ್ಲ, ನಮ್ಮ ಸರ್ವೆ ನಂಬರುಗಳ ಹಾಗೆ ಅಕ್ಷರ ಅಂಕಿಗಳಿವೆ. ಸಾವಿರಾರು ಇವೆ. ಗಂಡು ಹೆಣ್ಣಿನ ಜಾತಕ ಕೂಡಿಸುವವರಂತೆ ನಾನು ತಿಂಗಳುಗಟ್ಟಲೆ ಇವನ್ನು ಗ್ಲೈಡರಿನ ತೂಕ, ಉದ್ದ, ವೇಗಗಳ ಜೊತೆ ಕೂಡಿಸಿ ನೋಡಿದ್ದೇನೆ. ಆಫೀಸಿನಲ್ಲಿ ಕಡತದ ಮೇಲೆ ಬಗ್ಗಿ ಕೂತ ನನ್ನನ್ನು ಕಂಡು ಎಂಥ ಶ್ರದ್ಧೆ ಎಂದು ಸಾಹೇಬರು ಮೆಚ್ಚಿಕೊಂಡದ್ದೂ ಆ ತಿಂಗಳುಗಳಲ್ಲೇ.

ಮಾವನ ಗ್ಲೈಡರಿನ ರೆಕ್ಕೆ ಹಲಸಿನ ಬೀಜದ ಜಾತಿಯದು. ನಾನು ಅದನ್ನೇ ಸ್ಕೇಲಿಗೆ ಇಳಿಸಿ ಒಂದು ಎಲುಬು ಕೊರೆದುಕೊಂಡು ಗುಂಡ್ಲುಪೇಟೆಗೆ ಹೋದೆ. ಅಲ್ಲಿ ವರ್ಗೀಸ್ ಇದ್ದಾನೆ. ಬೇಕರಿ ನಡೆಸುತ್ತಾನೆ, ಅಪ್ಪನ ಕಾಲದಲ್ಲೇ ಕೇರಳದಿಂದ ಬಂದ ಕುಟುಂಬ. ಈ ಎರಡು ಊರುಗಳ ನಡುವೆ ಗ್ಲೈಡರಿನ ಹುಚ್ಚಿರುವುದು ನಾವಿಬ್ಬರೇ ಆದ್ದರಿಂದ ಜಗಳವಾಡಿದರೂ ಬಿಡುವಂತಿಲ್ಲ. ಎಲುಬನ್ನು ಬೆಳಕಿಗೆ ಹಿಡಿದು ನೋಡಿದ.

"ಸಾರೇ, ಇದು ರೆಕ್ಕೆ ಅಲ್ಲ. ಬನ್ನು."

"ದೊಡ್ಡದರಲ್ಲಿ ಹೀಗೇ ಇದೆಯಲ್ಲಪ್ಪ?"

"ದೊಡ್ಡದು ದೊಡ್ಡದೇ ಸಾರೇ. ಚಿಕ್ಕದಕ್ಕೆ ಬನ್ನು ಶರಿಯಾಗಲ್ಲ, ರೊಟ್ಟಿ ಬೇಕು. ತೆಳ್ಳಗೆ ಮಾಡಿ."

ಅವನು ಹೇಳಿದ್ದು ಸರಿ. ನಕ್ಷೆಗಾರನಾದ ನನಗೆ ಇದು ಅರಗಿಸಿಕೊಳ್ಳಲು ಬಹಳ ಕಷ್ಟವಾಯಿತು. ನಾನು ಹೊಲವನ್ನು ಚಿಕ್ಕದು ಮಾಡಬಲ್ಲೆ, ಕೆರೆಯನ್ನು ಚಿಕ್ಕದು ಮಾಡಬಲ್ಲೆ, ರೆಕ್ಕೆಯನ್ನೂ ಮಾಡಬಲ್ಲೆ. ಗಾಳಿಯನ್ನು ಮಾತ್ರ ಚಿಕ್ಕದು ಮಾಡಲಾರೆ! ಅದು ಯಾವ ಸ್ಕೇಲಿಗೂ ಬಗ್ಗುವುದಿಲ್ಲ. ದೊಡ್ಡ ಗ್ಲೈಡರಿಗೆ ಮಜ್ಜಿಗೆಯ ಹಾಗೆ ಹರಿಯುವ ಗಾಳಿಯೇ ನನ್ನ ಮರಿ ಗ್ಲೈಡರಿಗೆ ಅಂಬಲಿಯ ಹಾಗೆ ಮಂದ. ದಪ್ಪ ರೆಕ್ಕೆಯ ಉಬ್ಬಿದ ಬೆನ್ನನ್ನು ಹತ್ತಿದ ಗಾಳಿಗೆ ಇಳಿಯುವಷ್ಟರಲ್ಲಿ ಕಸುವು ಮುಗಿದು, ಅರ್ಧ ದಾರಿಯಲ್ಲೇ ರೆಕ್ಕೆಯ ಮೈ ಬಿಟ್ಟು ಹೊರಟುಹೋಗುತ್ತದೆ. ಗಾಳಿ ಕೈಬಿಟ್ಟ ರೆಕ್ಕೆ ಬರೀ ಹಲಗೆ. ಆದ್ದರಿಂದ ಚಿಕ್ಕದಕ್ಕೆ ತೆಳ್ಳನೆಯ ಏರ್‌ಫಾಯಿಲ್ ಹಾಕಿ, ಹೊರಗಿನ ಚಹರೆ ಮಾತ್ರ ದೊಡ್ಡದರಂತೆ ಉಳಿಸಿಕೊಳ್ಳುವುದು ತಿಳಿದವರ ರೂಢಿ. ಸ್ವಲ್ಪ ಮೋಸ, ಆದರೆ ಎಲ್ಲರೂ ಒಪ್ಪಿಕೊಂಡ ಮೋಸ.

ನಾನೂ ಮಾಡಿದೆ. ತೆಳುರೆಕ್ಕೆಯ ಗ್ಲೈಡರ್ ಚೆನ್ನಾಗಿಯೇ ಹಾರಿತು. ಖುಷಿಯಿಂದ ಚಂದಕವಾಡಿಗೆ ಹೊತ್ತುಕೊಂಡು ಹೋದೆ. ಮಾವ ದೂರದಿಂದ ಕಂಡು "ಅದೇ ಕಣಪ್ಪ, ಅದೇ!" ಎಂದು ಎದ್ದು ಬಂದವರು, ರೆಕ್ಕೆಯ ತುದಿಯನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ. ಹಾಗೆಯೇ ಸ್ವಲ್ಪ ಹೊತ್ತು ನಿಂತು ಕಣ್ಣು ಬಿಟ್ಟರು.

"ಇದಲ್ಲ ಕಣಪ್ಪ. ಅದ್ರದು ತುಂಬ್ಕಂಡಿತ್ತು. ಇದು ಬಡುಕ್ಲು."

"ಹಾರೋದಕ್ಕೋಸ್ಕರ ಸ್ವಲ್ಪ ತೆಳ್ಳಗೆ ಮಾಡಿದ್ದೀನಿ ಮಾವ. ಗುರುಸಿದ್ದಪ್ಪನವರಿಗೆ ಗೊತ್ತಾಗಲ್ಲ."

"ಗುರುಸಿದ್ದುನ್ಗೆ ಗೊತ್ತಾಗಕಿಲ್ಲ. ನಂಗೆ ಗೊತ್ತಾಯ್ತದಲ್ಲ."

ಇಂಜಿನ್ ಸೇರಿಸದ ಮನುಷ್ಯ ರೆಕ್ಕೆಯ ದಪ್ಪದಲ್ಲಿ ರಾಜಿಯಾಗುತ್ತಾರೆಯೇ? ನಾನು ಪೆಚ್ಚಾಗಿ ಮನೆಗೆ ಬಂದು ಮತ್ತೆ ಕತ್ತಾಳೆ ದಿಂಡು ಸೀಳಿದೆ. ಈ ಸಲ ಅಪ್ಪಟ ಬನ್ನು. ಆಕಾರದಲ್ಲಿ ಆಗದ್ದನ್ನು ನುಣುಪಿನಿಂದ ಸಾಧಿಸುತ್ತೇನೆಂದು ಹಟ ಹಿಡಿದೆ. ರೇಷ್ಮೆಯ ಮೇಲೆ ವಾರ್ನಿಷ್ ಬಳಿದು, ಒಣಗಿಸಿ, ನೀರು ಹಾಕಿ ಉಜ್ಜುಕಾಗದದಿಂದ ಉಜ್ಜಿ, ಮತ್ತೆ ಬಳಿದು, ಮತ್ತೆ ಉಜ್ಜಿ, ಕಡೆಗೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಾಗಿತ್ತು. ನಾನು ಬಾಚಿಕೊಂಡೆ ಕೂಡ. "ನನ್ನ ಪಾತ್ರೆನೂ ಹಿಂಗೇ ಉಜ್ಜಿಕೊಡಬಾರ್ದ?" ಎಂದು ಮಂಗಳ ಕೇಳಿದ್ದಕ್ಕೆ ಉತ್ತರ ಕೊಡುವಷ್ಟು ಪುರುಸೊತ್ತು ನನಗಿರಲಿಲ್ಲ.

ಗುಂಡ್ಲುಪೇಟೆಯಿಂದ ಮದ್ದೂರಿನ ಕಡೆ (ವಡೆಯ ಮದ್ದೂರಲ್ಲ, ಕೇರಳದ ದಾರಿಯದು) ಹೋಗುವಾಗ, ಕಾಡು ಶುರುವಾಗುವುದಕ್ಕೆ ಬಹಳ ಮುಂಚೆ, ಒಂದು ಬೋಳು ದಿಣ್ಣೆಯಿದೆ. ಅದರ ಕೆಳಗೆ ಚೆಂಡುಹೂವಿನ ಹೊಲ. ನಾನೂ ವರ್ಗೀಸನೂ ನಮ್ಮ ಪರೀಕ್ಷೆಗಳನ್ನೆಲ್ಲ ನಡೆಸುವುದು ಅಲ್ಲಿ. ಮಿರಮಿರ ಮಿಂಚುವ ದಪ್ಪರೆಕ್ಕೆಯನ್ನು ಕೈಯಿಂದ ಬಿಟ್ಟದ್ದೇ ತಡ, ಅದು ಒಂದು ಗಳಿಗೆ ಮೂಗೆತ್ತಿ ಯೋಚಿಸಿತು. ಆಮೇಲೆ ಬೇಡ ಎಂದು ತೀರ್ಮಾನಿಸಿ ನೇರವಾಗಿ ಹೂವಿನ ಹೊಲಕ್ಕೆ ಇಳಿಯಿತು. ಹಳದಿ ರೆಕ್ಕೆ ಹಳದಿ ಹೂವಿನಲ್ಲಿ ಬಿದ್ದರೆ ಹುಡುಕುವುದು ಹೇಗೆ? ಹೂ ಕೊಯ್ಯುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ಕೂಗಿದಳು: "ಅಣ್ಣೋ, ನಿಮ್ ಕೋಳಿ ಇಲ್ ಬಿದ್ದದ, ಬಂದು ಇಡ್ಕಳಿ!" ಮುಂದಿನ ಭಾನುವಾರವೂ ಹೋದೆವು, ಅದರ ಮುಂದಿನ ಭಾನುವಾರವೂ. ಮೂಗಿಗೆ ಜೇಡಿಮಣ್ಣಿಟ್ಟು ನೋಡಿದೆ, ಬಾಲ ಬಗ್ಗಿಸಿ ನೋಡಿದೆ, ಇನ್ನೂ ನುಣುಪಾಗಿ ಉಜ್ಜಿ ನೋಡಿದೆ. ಕೋಳಿ ಕೋಳಿಯೇ. ಕೊನೆಕೊನೆಗೆ ಆ ಹೆಂಗಸರು ನಾವು ಬರುವ ದಿನ ಬುತ್ತಿಯ ಹೊತ್ತನ್ನೇ ಮುಂದಕ್ಕೆ ಹಾಕಿಕೊಂಡು ನಮ್ಮ ಆಟ ನೋಡಲು ಕೂರುತ್ತಿದ್ದರು.

ಅಷ್ಟರಲ್ಲಿ ಮಾವ ಅಲ್ಲಿ ಟೀ ಅಂಗಡಿಯಲ್ಲಿ ಮಾತು ಕೊಟ್ಟಾಗಿತ್ತು. ವಿಜಯದಶಮಿಯ ದಿನ ಗೋಮಾಳದಲ್ಲಿ ಹಾರಿಸುವುದೆಂದು ಊರಿಗೆಲ್ಲ ಡಂಗುರ. ಗುರುಸಿದ್ದಪ್ಪ ಒಪ್ಪಿಕೊಂಡರಂತೆ: ಹಾರಿದರೆ ಇನ್ನು ಜನ್ಮದಲ್ಲಿ ಆ ಮಾತೆತ್ತುವುದಿಲ್ಲ, ಹಾರದಿದ್ದರೆ ರಾಚಪ್ಪ ಆ ಮಾತೆತ್ತಬಾರದು. ಮಾವನಿಗೆ ಇದ್ದದ್ದು ಆ ಒಂದು ಮಾತು. ನನ್ನ ಕೋಳಿಯ ದೆಸೆಯಿಂದ ಅದೂ ಹೋದರೆ? ಮುಂದಕ್ಕೆ ಹಾಕಿ ಎನ್ನೋಣವೆಂದರೆ ಫೋನಿನಲ್ಲಿ ಅವರ ಸಂಭ್ರಮ ಕೇಳಿ ಬಾಯಿ ಬರಲಿಲ್ಲ.

ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ತಿರುಗುವುದು, ಉರಿಯುವುದು, ಕೊಯ್ಯುವುದು ಯಾವುದಕ್ಕೂ ಅವತ್ತು ಪೂಜೆ ತಪ್ಪುವುದಿಲ್ಲ. ಸ್ಕೂಟರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ, ನನ್ನ ಅಳತೆ ಪಟ್ಟಿ, ಎಲ್ಲ ಸಾಲಾಗಿ ಸ್ನಾನ ಮಾಡಿ ಕೂತಿದ್ದವು. ನಾನು ಬಾಳೆಕಂದು ತರಲು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಮಂಗಳ ಎಲ್ಲ ಮುಗಿಸಿದ್ದಳು. ನಡುಮನೆಯಲ್ಲಿ ಕಾಲಿಟ್ಟವನು ಬಾಳೆಕಂದನ್ನು ಅಲ್ಲೇ ಬಿಟ್ಟೆ. ಕನ್ನಡಿಯಂಥ ನನ್ನ ರೆಕ್ಕೆಯ ಮುಂದಿನ ಅಂಚಿಗೆ, ಈ ತುದಿಯಿಂದ ಆ ತುದಿಯವರೆಗೆ, ಮಂದವಾಗಿ ಅರಿಸಿನ ಮೆತ್ತಿದೆ! ಅಂಚಿನಿಂದ ಎರಡು ಬೆರಳು ಹಿಂದೆ, ಮೇಲ್ಮೈಯಲ್ಲಿ, ಕುಂಕುಮದ ಬೊಟ್ಟುಗಳ ಉದ್ದನೆಯ ಸಾಲು. ತವರಿನ ಅರಿಸಿನ, ಮನೆಯಲ್ಲೇ ಕುಟ್ಟಿದ್ದು, ತರಿತರಿ. ಉದುರದಿರಲೆಂದು ಅಕ್ಕಿಹಿಟ್ಟು ಬೇರೆ ಕಲಸಿದ್ದಾಳೆ. ಆಗಲೇ ಒಣಗಿ ಗಟ್ಟಿಯಾಗಿತ್ತು.

"ಏನೇ ಇದು! ಹೊಸ್ತಿಲಿಗೆ ಬಳಿದ ಹಾಗೆ ಬಳಿದಿದ್ದೀಯಲ್ಲೇ!"

"ಮತ್ತೆ? ಗಾಳಿ ಒಳೀಕ್ ಬರದು ಆ ಕಡೆಯಿಂದ ಅಂತ ನೀವೇ ಹೇಳಿದ್ರಿ. ಒಳೀಕ್ ಬರೋ ಜಾಗ ಹೊಸ್ಲಲ್ದೆ ಇನ್ನೇನು?"

"ತಿಂಗಳುಗಟ್ಟಲೆ ಉಜ್ಜಿದ್ದೀನಿ ಕಣೇ. ಈಗಲೇ ಒರೆಸಿಬಿಡ್ತೀನಿ."

"ಪೂಜೆ ಆದುದ್ದ ಅಳಿಸ್ಬುಟ್ಟೀರಿ, ಸುಮ್ಕಿರಿ! ನಮ್ಮಪ್ಪನ ಮರ್ಯಾದೆ ನಾಳೆ ಇದರ ಮೇಲೆ ಕೂತದೆ. ಹಬ್ಬ ಕಳೀಲಿ, ಆಮೇಕೆ ಏನಾರ ಮಾಡ್ಕಳಿ." ಅವಳ ಕಣ್ಣು ತುಂಬಿತ್ತು. ಹೆಂಡತಿಯ ಕಣ್ಣು ತುಂಬಿದಾಗ ವಿಜ್ಞಾನದ ಮಾತಾಡುವ ಧೈರ್ಯ ನನಗೆ ಈವರೆಗೂ ಬಂದಿಲ್ಲ. ಹೇಗೂ ಬೀಳುವುದು ಬೀಳುತ್ತದೆ, ಪೂಜೆ ಮಾಡಿಸಿಕೊಂಡೇ ಬೀಳಲಿ ಎಂದು ಬಿಟ್ಟಿದ್ದ ಬಾಳೆಕಂದನ್ನು ಎತ್ತಿಕೊಂಡೆ.

ಮರುದಿನ ಗೋಮಾಳದಲ್ಲಿ ಟೀ ಅಂಗಡಿಯ ಬೆಂಚೇ ಬಂದು ಕೂತಿತ್ತು. ಗುರುಸಿದ್ದಪ್ಪ ಬಿಳಿ ಪಂಚೆ, ಹೆಗಲ ಮೇಲೆ ಹೊಸ ಟವಲು. ವರ್ಗೀಸ್ ಗ್ಲೈಡರನ್ನು ಎಳೆಯುವ ನೂಲಿನ ತುದಿ ಹಿಡಿದು ದೂರ ಹೋಗಿ ನಿಂತ. ರೆಕ್ಕೆಯ ಬೊಟ್ಟುಗಳನ್ನು ಕಂಡಿದ್ದ, ಆದರೆ ಮರ್ಯಾದಸ್ಥ, ನೂಲು ಗಟ್ಟಿಯಿದೆಯೇ ಎಂದಷ್ಟೇ ಕೇಳಿದ್ದ. ಗ್ಲೈಡರನ್ನು ತಲೆಯ ಮೇಲೆ ಎತ್ತಿ ಹಿಡಿದು ಬಿಡುವವರು ಯಾರು ಎಂದು ಕೇಳುವ ಮೊದಲೇ ಮಾವ ಚಪ್ಪಲಿ ಬಿಟ್ಟು ಮುಂದೆ ಬಂದಿದ್ದರು. ರೆಕ್ಕೆಯನ್ನು ಮುಟ್ಟಿ ಕಣ್ಣು ಮುಚ್ಚಿ, "ಹಾಂ. ಇದು," ಎಂದರು. ನಾನು ರಿಮೋಟು ಹಿಡಿದು ನಿಂತೆ. ವರ್ಗೀಸ್ ಓಡಿದ. ಮಾವನೂ ಓಡಿದರು, ಎಪ್ಪತ್ತು ದಾಟಿದ ಕಾಲುಗಳಲ್ಲಿ ಎಷ್ಟು ಸಾಧ್ಯವೋ ಅಷ್ಟು, ಮತ್ತು ಕೈಬಿಟ್ಟರು.

ಅದು ಎದ್ದಿತು. ಹೂವಿನ ಹೊಲದಲ್ಲಿ ಮೂಗೆತ್ತಿ ಯೋಚಿಸುತ್ತಿದ್ದ ಅದೇ ಗ್ಲೈಡರ್ ಈಗ ಯೋಚನೆಯನ್ನೇ ಮಾಡದೆ ಏಣಿ ಹತ್ತಿದ ಹಾಗೆ ಹತ್ತಿತು. ನೂಲು ಕಳಚಿತು. ಇನ್ನೇನು ಬಿತ್ತು ಎಂದುಕೊಂಡೆ. ಬೀಳಲಿಲ್ಲ! ಸದ್ದಿಲ್ಲದೆ ಜನರ ತಲೆಯ ಮೇಲೆ ಸಾಗಿ, ಅರಿಸಿನದ ಹೊಲಗಳನ್ನು ದಾಟಿ, ನಾನು ಬಾಲ ತಿರುಗಿಸಿದ್ದೇ ಅಗಲವಾಗಿ ಒಂದು ಸುತ್ತು ಹಾಕಿಕೊಂಡು ಬಂತು. ಗೋಮಾಳದಂಚಿನ ಬಂಡೆಯ ಹತ್ತಿರ ಬಿಸಿಗಾಳಿ ಸಿಕ್ಕಿತೆಂದು ಕಾಣುತ್ತದೆ, ಇನ್ನೊಂದು ಸುತ್ತು, ಇನ್ನೂ ಮೇಲೆ. ಎಲ್ಲರ ಬಾಯಿ ತೆರೆದುಕೊಂಡು ತಲೆಗಳು ಮಾತ್ರ ಒಟ್ಟಿಗೆ ತಿರುಗುತ್ತಿದ್ದವು. ಕಡೆಗೆ ಅದು ಹುಲ್ಲಿನ ಮೇಲೆ ಬಂದು ಕೂತಾಗ ಗುರುಸಿದ್ದಪ್ಪ ಎಲ್ಲರಿಗಿಂತ ಮೊದಲು ಓಡಿ, ಮಂಡಿಯೂರಿ, ಒಳಗೆ ಇಣುಕಿ, ಮೂಗು ಅಲುಗಿಸಿ, ಇಂಜಿನ್ ಹುಡುಕಿದರು. ಸಿಗಲಿಲ್ಲ. ಎದ್ದು ನಿಂತು ಟವಲಿನಿಂದ ಕೈ ಒರೆಸಿಕೊಂಡು, "ಆರ್ತು ಕಣ್ಲಾ ರಾಚ. ಒಪ್ಕಂಡೆ," ಎಂದರು. ಆಮೇಲೆ ಬೆರಳಿಗೆ ಅಂಟಿದ ಕುಂಕುಮವನ್ನು ನೋಡಿ ಸೇರಿಸಿದರು: "ನಿನ್ ಮಗ್ಳು ಅರಿಸ್ನ ಹಚ್ಚಿದ್ಕೆ ಆರ್ತು, ಅದೂ ನಿಜ."

ಎಲ್ಲರೂ ಹೋದ ಮೇಲೆ ನಾನೂ ಮಾವನೂ ಕೂತು ನೂಲು ಸುತ್ತುತ್ತಿದ್ದೆವು. ಕುಣಿದಾಡುತ್ತಾರೆಂದು ನಾನು ತಿಳಿದಿದ್ದರೆ ಅವರು ನೂಲಿನ ಗಂಟುಗಳನ್ನೇ ಒಂದೊಂದಾಗಿ ಬಿಡಿಸುತ್ತಿದ್ದರು.

"ಒಂದ್ ಮಾತೇಳ್ತಿನಿ ಅಳಿಮಯ್ಯ, ಯಾರ್ಗೂ ಏಳ್ಬೇಡ. ಈಗೊಂದಷ್ಟು ವರ್ಸದಿಂದ ನಂಗೇ ಅನುಮಾನ ಬಂದ್ಬುಟ್ಟಿತ್ತು ಕಣಪ್ಪ. ನಾನು ದಿಟ್ವಾಗ್ಲೂ ಆರಿದ್ನಾ, ಇಲ್ಲ ಏಳಿ ಏಳಿ ಆರ್ದಂಗಾಯ್ತಾ ಅಂತ. ಇವತ್ತು ಬುಡುವಾಗ ರೆಕ್ಕೆ ಕಯ್ಯ ಮೇಲಕ್ಕೆ ಎಳ್ಕಂತು ನೋಡು. ಆ ಎಳ್ತ ನನ್ ಕಯ್ಗೆ ಗೊತ್ತು. ನಾನು ಆರಿದ್ದೆ ಕಣಪ್ಪ."

ಗುರುಸಿದ್ದಪ್ಪನನ್ನು ಗೆಲ್ಲುವುದಕ್ಕೆ ಈ ಗ್ಲೈಡರ್ ಎಂದು ನಾನು ತಿಳಿದಿದ್ದೆ. ತೆಳುರೆಕ್ಕೆಯನ್ನು ಅವರು ಯಾಕೆ ಒಪ್ಪಲಿಲ್ಲ ಎಂಬುದು ಆಗ ಅರ್ಥವಾಯಿತು. ಅವರು ಸಾಕ್ಷಿ ಕೇಳುತ್ತಿದ್ದುದು ತಮ್ಮ ಕೈಯಿಂದ.

ಹಬ್ಬ ಕಳೆಯಿತು. ನನ್ನ ಅನುಮಾನ ಕಳೆಯಲಿಲ್ಲ. ಅದೇ ಭಾನುವಾರ ರೆಕ್ಕೆಯನ್ನು ಒರೆಸಿ ಕನ್ನಡಿ ಮಾಡಿಕೊಂಡು ದಿಣ್ಣೆಗೆ ಹೋದೆ. ಅರಿಸಿನದ ಭಾರ ಮುಂದಕ್ಕೆ ಬಿದ್ದದ್ದೇ ಕಾರಣ ಎಂದು ವರ್ಗೀಸ್ ವಾದಿಸಿದ್ದರಿಂದ ಅಷ್ಟೇ ತೂಕದ ಜೇಡಿಮಣ್ಣನ್ನು ಮುಂದೆ ಮೆತ್ತಿದೆವು. ಕೋಳಿ! ಹೆಂಗಸರು ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಮಂಗಳಳ ಮುಂದೆ ರೆಕ್ಕೆ ಇಟ್ಟು, "ಹೊಸ್ತಿಲು ಬರಿ," ಎಂದೆ. ಅವಳು ಏನೂ ಕೇಳದೆ, ನಗದೆ (ಇದು ಬಹಳ ದೊಡ್ಡ ಗುಣ) ಬರೆದುಕೊಟ್ಟಳು. ಹಾರಿತು.

ಕಾರಣ ಪುಸ್ತಕಗಳಲ್ಲಿ ಇತ್ತು, ನಾನೂ ಓದಿದ್ದೆ, ಚೆಂದ ಕೆಡುತ್ತದೆಂದು ದಾಟಿಕೊಂಡು ಹೋಗಿದ್ದೆ. ಚಿಕ್ಕ ರೆಕ್ಕೆಯ ಮೇಲೆ ಗಾಳಿ ಪದರ ಪದರವಾಗಿ, ಬಹಳ ಮರ್ಯಾದೆಯಿಂದ ಸಾಗುತ್ತದೆ. ನುಣುಪು ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚು, ಕಸುವು ಕಡಿಮೆ. ಉಬ್ಬು ಬಂದ ಕೂಡಲೇ ಕೈಮುಗಿದು ಹೊರಟುಹೋಗುತ್ತದೆ. ಆದರೆ ಒಳಗೆ ಬರುವ ಕಡೆಯಲ್ಲೇ ಒಂದಷ್ಟು ತರಿ ಇದ್ದರೆ ಗಾಳಿ ಎಡವುತ್ತದೆ, ಕಲಕಿಕೊಳ್ಳುತ್ತದೆ. ಮೇಲಿನ ಚುರುಕು ಗಾಳಿ ಕೆಳಗಿನ ಸೋಮಾರಿ ಗಾಳಿಯನ್ನು ಸೇರಿಕೊಂಡು ನೂಕುತ್ತದೆ. ಆ ಗಲಾಟೆಯ ಬಲದಲ್ಲಿ ರೆಕ್ಕೆಯ ಮೈಯನ್ನು ಕಡೆಯವರೆಗೂ ಬಿಡದೆ ಹಿಡಿದುಕೊಳ್ಳುತ್ತದೆ. ಸಾವಿರ ಏರ್‌ಫಾಯಿಲುಗಳ ಜಾತಕ ನೋಡಿದವನು ನಾನು. ಬೇಕಾಗಿದ್ದದ್ದು ಒಂದು ಸಾಲು ಬೊಟ್ಟು.

ಇದನ್ನು ಯೋಚಿಸುತ್ತಿದ್ದರೆ ನನಗೆ ಗುರುಸಿದ್ದಪ್ಪನ ಮೇಲೆ ಇದ್ದ ಕೋಪವೆಲ್ಲ ಇಳಿದುಹೋಗುತ್ತದೆ. ಮಾವ ಮೈಸೂರಿನಿಂದ ಬಂದು ಹೇಳಿದ ದಿನವೇ ಊರು "ಹೌದಾ, ಭೇಷ್" ಎಂದು ತಲೆಯಾಡಿಸಿಬಿಟ್ಟಿದ್ದರೆ ಆ ಹಾರಾಟ ಎರಡು ದಿನದಲ್ಲಿ ಜಾರಿಹೋಗಿ, ಅವರೂ ಮರೆತು, ನನ್ನ ಕಿವಿಗೆ ಬೀಳುವ ಮಾತೇ ಇರುತ್ತಿರಲಿಲ್ಲ. ಬೆಂಚಿನ ಮೇಲೆ ದಿನಾ ಒಂದು ತಕರಾರು ತೆಗೆದು, ಆ ಒಂದು ಹಾರಾಟವನ್ನು ಅವರ ಮೈಬಿಟ್ಟು ಹೋಗದಂತೆ ಇಷ್ಟು ವರ್ಷ ಅಂಟಿಸಿ ಇಟ್ಟವರು ಗುರುಸಿದ್ದಪ್ಪ.

ಹಾಗೆಂದು ಸುಮ್ಮನೆ ಹೇಳುತ್ತಿಲ್ಲ. ಹಬ್ಬವಾದ ಮೇಲೆ ಮಾವ ಫೋನು ಮಾಡಿದಾಗಲೆಲ್ಲ ಧ್ವನಿ ಸಪ್ಪಗಿರುತ್ತಿತ್ತು. ಹುಷಾರಿಲ್ಲವೇ ಎಂದರೆ ಅದೇನಿಲ್ಲ. "ಟೀ ಅಂಗ್ಡಿಗೆ ಓಗಕೇ ಬ್ಯಾಸ್ರ ಕಣಪ್ಪ. ಗುರುಸಿದ್ದ ಮಾತ್ ಕೊಟ್ಟವ್ನೆ ಅಂತ ಬಾಯ್ ಮುಚ್ಕಂಡ್ ಕೂತ್ಕತನೆ. ನಾನು ಯಾರ್ಗೆ ಏಳನ?" ಮಂಗಳ ಚಿಂತೆಗೆ ಬಿದ್ದಳು. ನಾನೂ ಬಿದ್ದೆ.

ಹೋದ ವಾರ ಬೆಳಿಗ್ಗೆ ಬೆಳಿಗ್ಗೆಯೇ ಫೋನು. ಎತ್ತಿದರೆ ಕಿವಿ ಕಿತ್ತುಹೋಗುವಂಥ ಉತ್ಸಾಹ.

"ಅಳಿಮಯ್ಯ! ಗುರುಸಿದ್ದ ಏನಂತನೆ ಗೊತ್ತಾ? ಬೊಂಬೆ ಆರ್ತು, ಸರಿ, ಒಪ್ಕಂಡಿವ್ನಿ. ಅದ್ರೊಳಗೆ ನೀನು ಕೂತಿದ್ದೆ ಅನ್ನಕೆ ಏನ್ಲಾ ಸಾಕ್ಷಿ, ಅಂತನೆ! ಬುಡ್ತಿನಾ ನಾನು? ನೀನು ಒಂದ್ ಕೆಲ್ಸ ಮಾಡು. ಮುಂದ್ಗಡೆ ಸೀಟಲ್ಲಿ ನನ್ನ ಕೂರ್ಸು. ಇದ್ದಂಗೇ ಇರ್ಬೇಕು."

ಹಾಗಾಗಿ ಈಗ ಕತ್ತಾಳೆ ದಿಂಡಿನಲ್ಲಿ ಹೆಬ್ಬೆರಳುದ್ದದ ಮಾವನನ್ನು ಕೆತ್ತುತ್ತಿದ್ದೇನೆ. ಕೆಡೆಟ್ ಟೋಪಿ ಸರಿಯಾಗಿ ಬಂದಿದೆ, ಮೂಗೂ ಪರವಾಗಿಲ್ಲ. ನಗುವನ್ನು ಮಾತ್ರ ಸ್ಕೇಲಿಗೆ ಇಳಿಸಲು ಆಗುತ್ತಿಲ್ಲ. ಎಷ್ಟು ಚಿಕ್ಕದು ಮಾಡಿದರೂ ಮುಖದ ಆಚೆಗೆ ಹೋಗುತ್ತದೆ.